ತಮ್ಮನ ಎಡಗಣ್ಣು

ಓದುವ ಕನ್ನಡಕ ಮಾಡಿಸಿಕೊಳ್ಳಲೆಂದು ಹೋದ ವಾರ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಹೋಗಿದ್ದೆ. ನಲವತ್ತು ದಾಟಿದ ಮೇಲೆ ಎಲ್ಲರೂ ಹೋಗುವ ಜಾಗ ಅದು; ನೀವೂ ಹೋಗಿರುತ್ತೀರಿ, ಇಲ್ಲವಾದರೆ ಮುಂದೆ ಹೋಗುತ್ತೀರಿ. ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರಿನ ಅಕ್ಷರ ಓದಿ ಎಂದರು. ನಾನು ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅಂಗಡಿಯವರು ನಕ್ಕು, "ಮ್ಯಾಡಮ್, ಆಧೀ ವರ್ ಬಘಾ," ಎಂದರು. ಮೊದಲು ಮೇಲೆ ನೋಡಿ ಅಂತ. ನಾನು ಅಷ್ಟೂ ಹೊತ್ತು ಮಡಿಲಲ್ಲಿದ್ದ ಪರ್ಸನ್ನು ನೋಡುತ್ತಿದ್ದೆ.

ನಗಬೇಕಿತ್ತು. ಆದರೆ ನಗು ಬರಲಿಲ್ಲ. ಆ ಅಕ್ಷರಗಳು ನನಗೆ ಬಾಯಿಗೆ ಬರುವುದಕ್ಕೆ ಒಂದು ಕಾರಣವಿದೆ, ಆ ಕಾರಣದ ಹೆಸರು ಸುಧೀರ. ನನಗಿಂತ ಐದು ವರ್ಷ ಚಿಕ್ಕವನು, ನನ್ನ ತಮ್ಮ. ಏಳು ವರ್ಷ ಒಂದು ಫುಟ್ಬಾಲ್ ಕ್ಲಬ್ಬಿನಲ್ಲಿ ಸಂಬಳ ತೆಗೆದುಕೊಂಡು ಆಡಿದವನು. ಮಿಡ್‌ಫೀಲ್ಡರ್.

ಮಿಡ್‌ಫೀಲ್ಡರ್ ಎಂದರೇನು ಎಂದು ನಮ್ಮ ಅಪ್ಪನಿಗೆ ತಿಳಿಸುವುದೇ ಒಂದು ಕೆಲಸವಾಗಿತ್ತು. ಅಪ್ಪ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. "ಗೋಲು ಹೊಡೆಯುವವನೂ ನೀನಲ್ಲ, ತಡೆಯುವವನೂ ನೀನಲ್ಲ. ಹಾಗಾದ್ರೆ ನಿನ್ನನ್ನು ಇಟ್ಟುಕೊಂಡದ್ದು ಎಂತಕ್ಕೆ?" ಎಂದು ಕೇಳಿದರು. ಮನೆಯಲ್ಲಿ ನಾವು ಆಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಸುಧಿ ತಲೆ ಕೆರೆದುಕೊಂಡು, "ಅಡುಗೆಮನೆ ಕಿಂಡಿ ಹತ್ರ ನಿಂತು, ಯಾವ ಟೇಬಲಿಗೆ ಎಂತ ಅಂತ ಕೂಗಿ ಪ್ಲೇಟು ದಾಟಿಸ್ತಾನಲ್ಲ, ಅವನ ಹಾಗೆ ಅಪ್ಪಾ," ಎಂದ. ಅಪ್ಪನ ಮುಖ ಅರಳಿತು. "ಅವನಿಲ್ಲದಿದ್ರೆ ಹೋಟೆಲೇ ಬಂದ್," ಎಂದರು. ಅಂದಿನಿಂದ ಗಿರಾಕಿಗಳ ಹತ್ತಿರವೂ ಅದನ್ನೇ ಹೇಳಿಕೊಂಡು ತಿರುಗಿದರು.

ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಕಲ್ಯಾಣದ ಮೈದಾನದಲ್ಲಿ, ನಾಲ್ಕು ಹೆಜ್ಜೆ ದೂರದಿಂದ ಯಾರೋ ಒದ್ದ ಚೆಂಡು ಸುಧಿಯ ಎಡಗಣ್ಣಿಗೆ ಬಡಿಯಿತು. ಮನೆಯಲ್ಲಿ ಬಾವು ಎಂದೆವು. ಥಾಣೆಯ ಕಣ್ಣಿನ ಡಾಕ್ಟರರ ಬಳಿಗೆ ಕರೆದುಕೊಂಡು ಹೋದವಳು ನಾನು. ಆಗ ತಾನೇ ಕೆಲಸಕ್ಕೆ ಸೇರಿದ್ದೆ, ದೊಡ್ಡವಳಾದೆ ಎಂಬ ಜಂಬ ಬೇರೆ. ಎಡಗಣ್ಣಿಗೆ ಇನ್ನು ಬೆಳಕು ನೆರಳು ಅಷ್ಟೇ, ಸರಿಯಾಗುವುದಿಲ್ಲ ಎಂದರು ಡಾಕ್ಟರು. "ಬಲಗಣ್ಣನ್ನು ಜೋಪಾನ ಮಾಡಿ. ಇರುವುದು ಅದೊಂದೇ."

ಅಷ್ಟಾದ ಎರಡೇ ತಿಂಗಳಿಗೆ ನವಿ ಮುಂಬಯಿಯ ಕ್ಲಬ್ಬಿನಿಂದ ಕರೆ ಬಂತು. ಆಟ ನೋಡಿ ಒಪ್ಪಿದ್ದರು. ಇನ್ನು ಮೆಡಿಕಲ್ ಒಂದು ಬಾಕಿ. ಸುಧಿ ಮೂರು ದಿನ ಮಾತಾಡಲಿಲ್ಲ. ಅವನ ಆ ಮುಖ ನೋಡಲಾಗದೆ ನಾನೊಂದು ಉಪಾಯ ಹೂಡಿದೆ. ಡೊಂಬಿವಲಿ, ಕಲ್ಯಾಣ, ಥಾಣೆ, ಮೂರು ಕಡೆಯ ಕನ್ನಡಕದ ಅಂಗಡಿಗಳಿಗೆ ತಲೆನೋವೆಂದು ಹೇಳಿಕೊಂಡು ಹೋದೆ. ಮೂರೂ ಕಡೆ ಗೋಡೆಯ ಮೇಲೆ ಅವೇ ಅಕ್ಷರ, ಅದೇ ಸಾಲು. ಬರೆದುಕೊಂಡು ಬಂದು ತಮ್ಮನಿಗೆ ಬಾಯಿಪಾಠ ಮಾಡಿಸತೊಡಗಿದೆ. ಚಿಕ್ಕವರಿದ್ದಾಗ ಅಮ್ಮ ನಮಗೆ ಮಗ್ಗಿ ಮಾಡಿಸುತ್ತಿದ್ದದ್ದೂ ಹಾಗೆಯೇ, ತಟ್ಟೆಯಲ್ಲಿ ಗಂಜಿ ಆರುವಷ್ಟರಲ್ಲಿ ಒಂದು ಸಲ, ಊಟ ಮುಗಿದ ಮೇಲೆ ಇನ್ನೊಂದು ಸಲ. "ನಾಲ್ಕನೇ ಸಾಲು ಹೇಳು" ಎಂದರೆ ಅವನು ಹೇಳಬೇಕು, ತಪ್ಪಿದರೆ ಮೊದಲಿನಿಂದ. ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಅಮ್ಮನಿಗೆ ಖುಷಿ. ನಮ್ಮಂಥ ಮನೆಗಳಲ್ಲಿ ಯಾವ ಕಷ್ಟ ಬಂದರೂ ಬಾಯಿಪಾಠ ಮಾಡಿದರೆ ಪಾಸಾಗಬಹುದು ಎಂಬ ನಂಬಿಕೆಯಿದೆ ನೋಡಿ, ನನಗೂ ಅದೇ ಇತ್ತು.

ಮೆಡಿಕಲ್ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಡಾಕ್ಟರು ಬಲಗಣ್ಣು ಮುಚ್ಚಿಸಿ "ಮೇಲಿನಿಂದ ಓದು" ಎಂದರಂತೆ. ನಡುವಿನ ಸಾಲಿಗೆ ಕೋಲು ತೋರಿಸಿ ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೊರಗೆ ಬಂದವನು ಬರೇ ತಲೆಯಾಡಿಸಿದ. ನಾನು ಗೆದ್ದವಳಂತೆ ಅವನ ಬೆನ್ನಿಗೆ ಗುದ್ದಿದೆ.

ಗೆದ್ದ ಸಂಭ್ರಮ ಮೊದಲನೇ ಮ್ಯಾಚಿನವರೆಗೆ. ಅಂದು ಮೈದಾನದಲ್ಲಿ ಇಪ್ಪತ್ತೆರಡು ಜನ ಓಡುವುದನ್ನು ನೋಡುತ್ತ ಕೂತವಳಿಗೆ, ಅವರಿಗಿರುವ ಮೊಣಕೈಗಳು ಎಷ್ಟು ಎಂಬ ಲೆಕ್ಕ ತಲೆಗೆ ಹತ್ತಿತು. ಚೆಂಡು ಮೇಲೆ ಹಾರಿದರೆ ನಾಲ್ಕು ತಲೆ ಒಟ್ಟಿಗೆ ಹಾರುತ್ತವೆ. ಒಂದು ಮೊಣಕೈ, ಒಂದು ಬೂಟಿನ ಮುಳ್ಳು, ಬಲಗಣ್ಣಿಗೆ ತಗುಲಿದರೆ ಸಾಕು. ನನ್ನ ತಮ್ಮ ಕುರುಡನಾಗುತ್ತಾನೆ, ಮಾಡಿದವಳು ನಾನು. ನನಗೆ ಭಯವಾಯಿತು. ಆ ಭಯ ಏಳು ವರ್ಷ ಬಿಡಲಿಲ್ಲ. ಬೆಳಗ್ಗಿನ ಫಾಸ್ಟ್ ಲೋಕಲ್ಲಿಗೆ ಸೀರೆ ಸೊಂಟಕ್ಕೆ ಸಿಕ್ಕಿಸಿ ನುಗ್ಗುವವಳು ನಾನು. ಅವನು ಗೋವಾಕ್ಕೋ ಕೋಲ್ಕತ್ತಾಕ್ಕೋ ಆಡಲು ಹೋದ ದಿನ ಫೋನು ರಿಂಗಾದರೆ ಎತ್ತಲು ಕೈ ಬರುತ್ತಿರಲಿಲ್ಲ.

ಆಟ ಬಿಡು ಎಂದು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತು, ಅಪ್ಪ ಅದನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದ್ದರು. ಚೆಂಡು ಬರುವ ಮೊದಲೇ ಸದಾ ಕತ್ತು ತಿರುಗಿಸಿ ಇಡೀ ಮೈದಾನವನ್ನು ನೋಡುವ ಆಟಗಾರ ಎಂದು ಹೊಗಳಿ ಬರೆದಿದ್ದರು. ಎಡಗಡೆ ಕಾಣದವನು ಕತ್ತು ತಿರುಗಿಸದೆ ಏನು ಮಾಡಬೇಕು?

ನವಿ ಮುಂಬಯಿಯಲ್ಲಿ ಆಟವಿದ್ದಾಗ ಒಂದನ್ನೂ ತಪ್ಪಿಸದೆ ಹೋಗುತ್ತಿದ್ದೆ. ಮುಂದಿನ ಸಾಲಿನಲ್ಲಿ, ಕಬ್ಬಿಣದ ಬೇಲಿಗೆ ತಾಗಿ ಕೂತು, ಎಡದಿಂದ ಯಾರಾದರೂ ನುಗ್ಗಿದರೆ "ಎಡತ್ತ!" ಎಂದು ಕಿರುಚುತ್ತಿದ್ದೆ. ತುಳುವಿನಲ್ಲಿ ಎಡಕ್ಕೆ ಎಂದು. ಆ ಮೈದಾನದಲ್ಲಿ ಅದು ಯಾರಿಗೆ ತಿಳಿಯಬೇಕು? ಪಕ್ಕದಲ್ಲಿ ಕೂರುತ್ತಿದ್ದ, ನಾನು ಕಾಕು ಎಂದು ಕರೆಯುತ್ತಿದ್ದ ಮರಾಠಿ ಹೆಂಗಸು ಅದೊಂದು ಜೈಕಾರವೆಂದುಕೊಂಡು ನನಗಿಂತ ಜೋರಾಗಿ, ಸುಮ್ಮಸುಮ್ಮನೆ, ಯಾರೂ ಬರದಿದ್ದಾಗಲೂ "ಎಡತ್ತ" ಎನ್ನುತ್ತಿದ್ದರು. ಪಾಪ ಸುಧಿ, ಆಗೆಲ್ಲ ಗಾಬರಿಯಿಂದ ತಿರುಗಿ ನೋಡುತ್ತಿದ್ದ.

ನನ್ನದು ಶುದ್ಧ ಮೂರ್ಖತನ. ಮುಂಬಯಿಯ ಹತ್ತಿರ ಎಲ್ಲಿ ಹೋದರೂ ಒಬ್ಬ ತುಳುವ ಇದ್ದೇ ಇರುತ್ತಾನೆ ಎಂಬುದನ್ನು, ಹೋಟೆಲ್ ಮ್ಯಾನೇಜರರ ಮಗಳಾಗಿ ಮರೆತಿದ್ದೆ. ಏಳನೇ ವರ್ಷದ ಒಂದು ಸಂಜೆ, ಎದುರು ತಂಡದಲ್ಲಿ ನೆರೂಳಿನ ಒಬ್ಬ ಹೊಸ ಆಟಗಾರನಿದ್ದ. ಅವನ ಅಪ್ಪ ಅಮ್ಮ ಕಾರ್ಕಳದ ಕಡೆಯವರೆಂದು ಆಮೇಲೆ ತಿಳಿಯಿತು. ಅವನು ಎಡದಿಂದ ನುಗ್ಗಿದ, ನಾನು ಕೂಗಿದೆ. ಇನ್ನೊಮ್ಮೆ ನುಗ್ಗಿದ, ಇನ್ನೊಮ್ಮೆ ಕೂಗಿದೆ. ಮೂರನೇ ಸಲ ಅವನು ಓಟ ನಿಲ್ಲಿಸಿ ನೇರವಾಗಿ ನನ್ನನ್ನು ನೋಡಿದ. ಆಮೇಲೆ ಸುಧಿಯ ಮುಖ ನೋಡಿದ. ಅವನಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

ಇನ್ನು ಇವನು ತನ್ನವರಿಗೆಲ್ಲ ಹೇಳುತ್ತಾನೆ, ಎಲ್ಲರೂ ಎಡದಿಂದಲೇ ಬರುತ್ತಾರೆ. ಕೂಗಿದರೆ ಗುಟ್ಟು ಪೂರ್ತಿ ಬಯಲು, ಕೂಗದಿದ್ದರೆ ತಮ್ಮನ ಕಣ್ಣು. ಅಷ್ಟರಲ್ಲಿ ಆ ತರುಣ ಮತ್ತೆ ಎಡಗಡೆಯಿಂದಲೇ ಓಡಿಬಂದ. ಸುಧಿ ಕತ್ತು ತಿರುಗಿಸಿರಲಿಲ್ಲ. ನಾನು ಕೂಗಲಿಲ್ಲ. ಒಂದು ಮಾರು ದೂರದಲ್ಲಿ ಅವನು ತಾನಾಗಿಯೇ ನಿಂತು, ಸುಧಿಗೆ ಏನೋ ಹೇಳಿದ. "ಅಣ್ಣಾ, ನಿಮಗೆ ಈ ಕಡೆ ಕಾಣುವುದಿಲ್ವಾ?" ಎಂದು ತುಳುವಿನಲ್ಲಿ ಕೇಳಿದನಂತೆ. ಅಲ್ಲಿಂದ ಮುಂದೆ ಅವನು ಬರೇ ಎದುರಿನಿಂದ ಬಂದ, ನಿಧಾನವಾಗಿ ಬಂದ. ಸುಧಿ ಎರಡು ಸಲ ಅವನನ್ನು ಸಲೀಸಾಗಿ ದಾಟಿಹೋದ. ಜನ ಚಪ್ಪಾಳೆ ತಟ್ಟಿದರು.

ವಿರಾಮದಲ್ಲಿ ಸುಧಿ ತಾನೇ ಹೋಗಿ ಕೋಚಿಗೆ ನಿಜ ಹೇಳಿದ. ಎರಡನೇ ಅರ್ಧಕ್ಕೆ ಅವನ ಜಾಗದಲ್ಲಿ ಬೇರೆಯವನು ಇಳಿದ. ಅಲ್ಲಿಗೆ ಮುಗಿಯಿತು. ಕ್ಲಬ್ಬಿನವರು ಬೈದರು, ಅಪ್ಪ ಒಂದು ವಾರ ಹೋಟೆಲಿಗೆ ಹೋಗಲಿಲ್ಲ, ಅಮ್ಮ ನನ್ನ ಹತ್ತಿರ ಮಾತು ಬಿಟ್ಟರು. ನಾನು ಎಲ್ಲರೆದುರು ಅತ್ತೆ. ಆದರೆ ಅವನು ಟ್ರ್ಯಾಕ್ ಪ್ಯಾಂಟ್ ಹಾಕಿ ಬೆಂಚಿನ ಮೇಲೆ ಕೂತದ್ದನ್ನು ಕಂಡಾಗ ನನಗಾದದ್ದು ಸಂತೋಷ. ಬರೇ ಸಂತೋಷ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಸುಧಿ ಘನ್ಸೋಲಿಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಕನ್ನಡಕದ ಅಂಗಡಿಯಿಂದ ಮನೆಗೆ ಬಂದವಳೇ ಅವನಿಗೆ ಫೋನು ಮಾಡಿದೆ. ಬಾಯಿಪಾಠ ಇನ್ನೂ ಮರೆತಿಲ್ಲ ಎಂದು ನಗಿಸಿದೆ, ಆಮೇಲೆ ಹೇಳಿಬಿಟ್ಟೆ. "ಅವತ್ತು ನಿನ್ನ ಆಟ ನಿಂತಾಗ ನನಗೆ ಖುಷಿಯಾಗಿತ್ತು, ಸುಧಿ."

"ನನಗೂ," ಎಂದ. "ಮೆಡಿಕಲ್ಲಿನಲ್ಲಿ ತಪ್ಪು ಓದುವ ಅಂತಲೇ ಒಳಗೆ ಹೋದದ್ದು ನಾನು. ಬಾಗಿಲಿನಿಂದ ತಿರುಗಿ ನೋಡಿದೆ, ನೀನು ಕಣ್ಣು ಮುಚ್ಚಿ ನಾಲ್ಕನೇ ಸಾಲು ಹೇಳ್ತಾ ಕೂತಿದ್ದಿ. ಅಷ್ಟು ಕಷ್ಟಪಟ್ಟು ಕಲಿಸಿದ್ದಿ. ಹೇಗೆ ಫೇಲಾಗುವುದು ಅಕ್ಕ?"

ಏಳು ವರ್ಷ ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಮೈದಾನದೊಳಗೆ ನಿಂತವನನ್ನು ಒಂದು ದಿನವೂ ಕೇಳಿರಲಿಲ್ಲ.

"ತುಂಬಾ ಹೆದರಿಕೆ ಆಗ್ತಿತ್ತಾ?" ಎಂದೆ.

"ಆಗ್ತಿತ್ತು. ಈಗಲೂ ಆಗ್ತದೆ," ಎಂದ.

ಕುರ್ಚಿ ಎಳೆದುಕೊಂಡು ಕೂತೆ. ಹೇಳು ಎಂದೆ. ಅವನು ಮೊದಲನೇ ಮ್ಯಾಚಿನಿಂದ ಹೇಳತೊಡಗಿದ. ನಾನು ನಡುವೆ ಬಾಯಿ ಹಾಕಲಿಲ್ಲ.