ಖಾಲಿ ಹಾಸಿಗೆಗೆ ಮಾಡಿದ ಆರೈಕೆ

ಲಾಂಡ್ರಿ ಅಮ್ಮನ ಮಾತು ಬಂದರೆ ಸಾಕು, ಅಕ್ಕಪಕ್ಕದವರು ಹೇಳುತ್ತಿದ್ದುದು ಒಂದೇ: ‘ಆಯಮ್ಮ ಸ್ವರ್ಗಕ್ಕೆ ಹೋದರೂ ಮೊದಲು ಅಲ್ಲಿನ ಹಾಸಿಗೆ ಮೂಸಿ ನೋಡ್ತಾಳೆ.’

ಸುಳ್ಳೇನಲ್ಲ. ನೆಂಟರ ಮನೆಗೆ ಹೋದರೆ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಆಕೆ ನೀರು ಕುಡಿದವಳಲ್ಲ. ಬಸ್ಸಿನಲ್ಲಿ ಕಂಬ ಹಿಡಿಯಬೇಕಾದರೆ ಕರವಸ್ತ್ರ ಸುತ್ತಿಯೇ ಹಿಡಿಯಬೇಕು. ಗಂಡ ಬದುಕಿದ್ದಷ್ಟು ದಿನವೂ, ಪಾಪ, ಹೊರಗಿನ ನಲ್ಲಿಯಲ್ಲಿ ಮೊಣಕಾಲ ತನಕ ತೊಳೆದುಕೊಂಡೇ ಹೊಸ್ತಿಲು ದಾಟಬೇಕಿತ್ತು. ಆತ ತೀರಿಕೊಂಡಾಗ ಎದುರುಮನೆಯ ಹೊಲಿಗೆಯವಳು, ‘ಆ ಮನುಷ್ಯ ರೋಗದಿಂದ ಹೋಗಲಿಲ್ಲ, ನೆನೆದು ನೆನೆದು ಹೋದ’ ಎಂದು ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟಿದ್ದಳಂತೆ.

ಇಷ್ಟು ಹೇಸುವ ಹೆಂಗಸು ಬೀದಿ ಮೂಲೆಯ ಲಾಂಡ್ರಿಯಲ್ಲಿ ಊರವರ ಕೊಳೆ ಬಟ್ಟೆಗೆ ಕೈ ಹಾಕಿಕೊಂಡು ಜೀವಮಾನ ಕಳೆದದ್ದಾದರೂ ಹೇಗೆ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಕೊಳೆ ಅಂತ ಗೊತ್ತಿರುವ ಕೊಳೆ ತನಗೇನೂ ಮಾಡುವುದಿಲ್ಲ, ಒಗೆದದ್ದು ಅಂತ ಮಡಚಿಟ್ಟ ಕೊಳೆ ಕಂಡರೆ ಮಾತ್ರ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದಳು.

ಇಂಥವಳಿಗೆ ಸಿಕ್ಕ ಸೊಸೆ ಎಂಥವಳು? ಮೀನು ಮಾರುಕಟ್ಟೆಯಲ್ಲಿ ಹುರುಪೆ ತೆಗೆದು, ಹೊಟ್ಟೆ ಸೀಳಿ, ತುಂಡು ಮಾಡಿಕೊಡುವವಳು. ಬಸ್ಸು ಓಡಿಸುವ ಮಗ ಅವಳನ್ನು ಇಷ್ಟಪಟ್ಟು ಕಟ್ಟಿಕೊಂಡು ಬಂದಾಗ ಲಾಂಡ್ರಿ ಅಮ್ಮ ಬೇಡ ಅನ್ನಲಿಲ್ಲ, ಬಚ್ಚಲಲ್ಲಿ ಅವಳಿಗೊಂದು ಬೇರೆ ಸೋಪು ಇಟ್ಟಳು ಅಷ್ಟೆ. ಟವೆಲೂ ಬೇರೆ. ಸೊಸೆ ಅದಕ್ಕೆಲ್ಲ ಮುಖ ಊದಿಸಿಕೊಳ್ಳುವ ಪೈಕಿ ಅಲ್ಲ. ‘ಈ ಮನೇಲಿ ನನ್ನ ಕೈಗೆ ಮರ್ಯಾದೆ ಕೊಡೋದು ಬೆಕ್ಕು ಒಂದೇ’ ಎಂದು ನಗುತ್ತ ಕೆಲಸಕ್ಕೆ ಹೋಗುತ್ತಿದ್ದಳು.

ಹೀಗಿರುವಾಗ ಲಾಂಡ್ರಿ ಅಮ್ಮನ ಪಿತ್ತಕೋಶದಲ್ಲಿ ಕಲ್ಲು ಬಂತು. ಮಗನ ಬಸ್ ಕಂಪನಿ ಖರ್ಚು ಕೊಡುತ್ತದೆಂದು ಗಾಜಿನ ಬಾಗಿಲಿನ ದೊಡ್ಡ ಆಸ್ಪತ್ರೆಗೇ ಸೇರಿಸಿದರು. ಹೊಟ್ಟೆ ಕೊಯ್ದು ತೆಗೆದದ್ದಾಯಿತು. ನಿದ್ದೆಯ ಮದ್ದಿನಲ್ಲಿ ಆಕೆಗೆ ಹಗಲಾವುದು, ರಾತ್ರಿಯಾವುದು ತಿಳಿಯುತ್ತಿರಲಿಲ್ಲ. ಆದರೂ ಎಚ್ಚರವಿದ್ದ ಹೊತ್ತಿನಲ್ಲಿ ಕಂಡದ್ದೇ ಸಾಕಾಗಿತ್ತು. ಹಾಸಿಗೆಯ ಹೊದಿಕೆ ಬದಲಿಸಲು ಬಂದ ಆಯಾ ಅದನ್ನೇ ಮಗುಚಿ ಹಾಸಿ ಹೋದಳು. ಊಟದ ಗಾಡಿಯ ಕೆಳಗಿನ ತಟ್ಟೆಯಲ್ಲಿ ಯಾರದೋ ಮೂತ್ರದ ಪಾತ್ರೆ ಸವಾರಿ ಮಾಡುತ್ತಿತ್ತು. ಬಿಡುಗಡೆಗೆ ಇನ್ನೂ ಒಂದು ದಿನವಿದೆ ಎಂದರೂ ಕೇಳದೆ, ತನ್ನ ಜವಾಬ್ದಾರಿಯ ಮೇಲೆ ಹೋಗುತ್ತೇನೆ ಎಂದು ಯಾವುದೋ ಕಾಗದಕ್ಕೆ ಸಹಿ ಹಾಕಿ, ಮಧ್ಯಾಹ್ನವೇ ಸೊಸೆಯ ಜೊತೆ ಮನೆಗೆ ಬಂದುಬಿಟ್ಟಳು.

ಆ ಸಂಜೆ ಹೊಟ್ಟೆಯ ಪಟ್ಟಿ ಬಿಚ್ಚಿದ್ದು ಸೊಸೆಯೇ. ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ‘ಅತ್ತೆ, ಇದು ಇವತ್ತಿಂದೂ ಅಲ್ಲ, ನಿನ್ನೆದೂ ಅಲ್ಲ. ಅಂಚೆಲ್ಲ ಹಳದಿ ತಿರುಗಿದೆ’ ಎಂದಳು. ಜ್ವರದ ಮಂಪರಿನಲ್ಲಿದ್ದ ಅತ್ತೆ, ಮೊದಲು ಕೈ ಸರಿಯಾಗಿ ತೊಳೆದುಕೊಂಡು ಬಾ ಎಂದು ಗದರಿದಳು. ಮಾರನೆಯ ಬೆಳಿಗ್ಗೆಯೂ ಅದೇ ರಗಳೆ.

ಗಾಯ ಕೀವು ಕಟ್ಟಿತು. ಮಗ ಮತ್ತೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಫೈಲು ತಿರುವಿ, ಇಲ್ಲಿದ್ದಷ್ಟು ದಿನ ದಿನಾ ಪಟ್ಟಿ ಬದಲಿಸಿದ್ದಾರೆ, ಗಾಯ ಸ್ವಚ್ಛವಾಗಿತ್ತೆಂದು ಬರೆದಿದೆ ಎಂದರು. ಆಮೇಲೆ ಕನ್ನಡಕದ ಮೇಲಿನಿಂದ ನೋಡುತ್ತ ಕೇಳಿದರು: ‘ಮನೇಲಿ ಯಾರು ಮುಟ್ಟಿದ್ದು? ಅವರ ಕೆಲಸ ಏನು?’

ಮಗ ಹೇಳಿದ. ಡಾಕ್ಟರು ತಲೆ ಆಡಿಸಿದರು. ಆ ತಲೆ ಆಡಿಸಿದ್ದೇ ಸಾಕಾಯಿತು.

ಸುದ್ದಿ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ರೆಕ್ಕೆಪುಕ್ಕ ಕಟ್ಟಿಕೊಂಡಿತ್ತು. ಮೀನು ಕೊಯ್ದ ಕೈಯಲ್ಲೇ ಅತ್ತೆಯ ಹೊಟ್ಟೆ ಮುಟ್ಟಿದಳಂತೆ ಎಂದು ಹೊಲಿಗೆಯವಳು ಬಂದ ಗಿರಾಕಿಗಳಿಗೆಲ್ಲ ಹೊಲಿದ ಬಟ್ಟೆ ಜೊತೆಗೆ ಅದನ್ನೂ ಕೊಟ್ಟು ಕಳಿಸಿದಳು. ಇನ್ನು ಅಮ್ಮನನ್ನು ಮುಟ್ಟಬೇಡ ಎಂದು ಮಗ ಹೆಂಡತಿಗೆ ಹೇಳಿದ. ಅತ್ತೆ? ಅತ್ತೆ ಗೋಡೆಗೆ ತಿರುಗಿ ಮಲಗಿದಳು. ಸೊಸೆಯ ಕೈಯಿಂದಲೇ ಗಾಯ ಕೆಟ್ಟಿತೆಂದು ಆಕೆಗೂ ಅನ್ನಿಸಿತ್ತು. ಪಟ್ಟಿ ಹಳೆಯದೆಂದು ಸೊಸೆ ಮತ್ತೆ ಮತ್ತೆ ಹೇಳಿದಳು. ಗಂಡ, ‘ಫೈಲಲ್ಲಿ ಬರ್ದಿದಾರಲ್ಲ’ ಎಂದು ಮತ್ತೆ ಮತ್ತೆ ಹೇಳಿದ. ಕೊನೆಗೆ ಅವಳು ಹೇಳುವುದನ್ನು ಬಿಟ್ಟಳು. ವಾರದ ಕೊನೆಗೆ ದೂರದ ಅಕ್ಕನ ಮನೆಗೆ ಹೋಗುವುದಾಗಿ ತಿಳಿಸಿ ಬಟ್ಟೆ ಮಡಚತೊಡಗಿದಳು. ಎಂದು ಬರುವುದೆಂದು ಕೇಳಲು ಗಂಡನಿಗೆ ಧೈರ್ಯ ಬರಲಿಲ್ಲ.

ಈ ನಡುವೆ ಕಂಪನಿಯಲ್ಲಿ ಬಿಲ್ಲು ಪಾಸಾಗಬೇಕಿತ್ತು. ಬಿಲ್ಲು, ಫೈಲಿನ ನಕಲು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದು ತಾಯಿಯ ಮಡಿಲಿಗೆ ಹಾಕಿದ ಮಗ, ಮದ್ದುಗಳೆಲ್ಲ ತಾಳೆಯಾಗುತ್ತವಾ ಒಮ್ಮೆ ನೋಡಿಡು ಎಂದು ಡ್ಯೂಟಿಗೆ ಹೋದ.

ಮಧ್ಯಾಹ್ನ ಆಕೆ ದಿಂಬಿಗೆ ಒರಗಿ ಕನ್ನಡಕ ಏರಿಸಿದಳು. ಬಿಲ್ಲು ನೋಡುತ್ತಿದ್ದ ಹಾಗೇ ಮೈ ಉರಿಯಿತು. ಆಸ್ಪತ್ರೆಯ ಮಂದಿಗೆಲ್ಲ ಹಂಚಿದರೂ ಮಿಗುವಷ್ಟು ಕೈಗವಸು. ಬಾಯಿಗೇ ಇಡದ ಹಾಲು. ಒಮ್ಮೆಯೂ ಮುಖ ತೋರಿಸದ ಆಹಾರ ತಜ್ಞೆಯ ಸಲಹೆ. ‘ಥೂ’ ಎನ್ನುತ್ತ ಹಾಳೆ ಮಗುಚುತ್ತಿದ್ದವಳಿಗೆ ನರ್ಸುಗಳು ಬರೆದ ಪುಟ ಸಿಕ್ಕಿತು. ದಿನದಿನವೂ ಅದೇ ಮಾತು, ಅಕ್ಷರ ಮಾತ್ರ ಬೇರೆ ಬೇರೆ. ಕಟ್ಟಕಡೆಯ ಸಾಲು ಹೀಗಿತ್ತು: ‘ಬೆಳಿಗ್ಗೆ ಪಟ್ಟಿ ಬದಲಿಸಲಾಗಿದೆ. ಗಾಯ ಸ್ವಚ್ಛ. ರೋಗಿ ಉಪಾಹಾರ ಸೇವಿಸಿ ನಗುಮುಖದಿಂದಿದ್ದಾರೆ.’

ಮೊದಲು ನಗು ಬಂತು. ತಾನು, ನಗುಮುಖ! ಆಮೇಲೆ ತಾರೀಕು ನೋಡಿದಳು. ಮತ್ತೊಮ್ಮೆ ನೋಡಿದಳು. ಆ ಬೆಳಿಗ್ಗೆ ತಾನು ಇದೇ ಮಂಚದ ಮೇಲೆ ಕೂತು, ಕೈ ತೊಳೆದುಕೊಂಡು ಬಾ ಎಂದು ಸೊಸೆಯ ಮೇಲೆ ಹರಿಹಾಯುತ್ತಿದ್ದಳು. ಅಲ್ಲಿ ಖಾಲಿ ಹಾಸಿಗೆಗೆ ಪಟ್ಟಿ ಕಟ್ಟಿದ್ದರು, ಉಣಿಸಿದ್ದರು, ನಗಿಸಿಯೂ ಇದ್ದರು. ಹೊಟ್ಟೆಯೇ ಇಲ್ಲದ ಕಡೆ ಗಾಯವನ್ನು ಸ್ವಚ್ಛ ಎಂದು ಬರೆದ ಪೆನ್ನು, ತಾನು ಮದ್ದಿನ ನಿದ್ದೆಯಲ್ಲಿ ಬಿದ್ದಿದ್ದಾಗ ಬರೆದದ್ದರಲ್ಲಿ ಯಾವುದನ್ನು ನಂಬುವುದು?

ಹಾಳೆಯನ್ನು ಎರಡು ಬೆರಳಲ್ಲಿ ದೂರ ಹಿಡಿದಳು. ಅರ್ಧ ಹೇಸಿಗೆ ಆ ಕಾಗದದ ಮೇಲೆ, ಇನ್ನರ್ಧ ತನ್ನ ಮೇಲೆಯೇ. ಕಣ್ಣಾರೆ ಕಂಡು ಹೇಳಿದ ಹುಡುಗಿಯನ್ನು ಬಿಟ್ಟು ತಾನು ಯಾರನ್ನು ನಂಬಿ ಕೂತಿದ್ದು?

ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕರೆದು ಆ ಸಾಲು ತೋರಿಸಿದಳು. ಸೊಸೆ ಓದಿ ಹಾಳೆ ವಾಪಸ್ ಕೊಟ್ಟಳು.

‘ನಾನು ಅವತ್ತೇ ಹೇಳಿದ್ದೆ ಅತ್ತೆ.’

‘ಹೇಳಿದ್ದೆ.’

‘ನಿಮ್ಮ ಮಗ ನಂಬಲಿಲ್ಲ. ಅದಿರಲಿ. ನೀವು?’

ಲಾಂಡ್ರಿ ಅಮ್ಮ ಹಾಳೆಯನ್ನು ಚೀಲಕ್ಕೆ ಹಾಕಿದಳು. ‘ನಾಳೆ ಆಸ್ಪತ್ರೆಗೆ ಹೋಗಬೇಕು, ನೀನೂ ಬಾ’ ಎಂದಳು. ಸೊಸೆ ತಾನು ಬರುವುದಿಲ್ಲವೆಂದು ಹೇಳಿ ಒಳಗೆ ಹೋದಳು. ಮರುದಿನ ಲಾಂಡ್ರಿ ಅಮ್ಮ ಮಗನ ತೋಳು ಹಿಡಿದುಕೊಂಡೇ ಹೋದಳು.

ವಾರ್ಡಿನ ಹಿರಿಯ ನರ್ಸು ಕೆಟ್ಟವಳೇನಲ್ಲ. ಕೂರಲು ಕುರ್ಚಿ ಕೊಟ್ಟಳು. ಸಾಲು ನೋಡಿ ಸ್ವಲ್ಪವೂ ಬೆಚ್ಚಲಿಲ್ಲ, ಉಪ್ಪು ಕಡಿಮೆಯಾಗಿದೆ ಎಂದರೆ ಅಡುಗೆಯವರು ನೋಡುವಂತೆ ನೋಡಿದಳು.

‘ಎಲ್ಲರೂ ಹೀಗೇ ಮಾಡೋದಮ್ಮ. ಡ್ಯೂಟಿಗೆ ಬಂದ ತಕ್ಷಣ ಆ ಪಾಳಿದೆಲ್ಲ ಬರ್ದಿಟ್ಟುಬಿಡ್ತೀವಿ. ನಿಮ್ಮ ಫೈಲು ಕೆಳಗೆ ಹೋಗೋದು ತಡ ಆಗಿರಬೇಕು, ರಾಶೀಲಿ ಉಳ್ಕೊಂಡಿದೆ. ಆಮೇಲೆ ಬರೆಯೋಕೆ ಟೈಮ್ ಎಲ್ಲಿರತ್ತೆ?’

‘ಮಾಡೋಕೆ ಇರತ್ತಾ?’

ನರ್ಸು ಹೊರಗಿನ ಹಾಸಿಗೆಗಳ ಸಾಲನ್ನೊಮ್ಮೆ ನೋಡಿದಳು. ‘ಇದ್ರೆ ಮಾಡ್ತೀವಿ.’

ಇದನ್ನು ಆಕೆ ದನಿ ತಗ್ಗಿಸಿ ಹೇಳಲಿಲ್ಲ, ತಲೆ ತಗ್ಗಿಸಿಯೂ ಹೇಳಲಿಲ್ಲ. ಲಾಂಡ್ರಿ ಅಮ್ಮನಿಗೆ ಅದೇ ತಡೆಯಲಾಗಲಿಲ್ಲ. ಕಳ್ಳರ ಹಾಗೆ ಮಾಡಿದ್ದರೆ ಬೈದು ಬರಬಹುದಿತ್ತು. ಇಲ್ಲಿ ಇವರೆಲ್ಲ ಬೆಳಿಗ್ಗೆ ಹಲ್ಲುಜ್ಜಿದಷ್ಟು ಸಲೀಸಾಗಿ ಸುಳ್ಳು ಬರೆದು ಕೆಲಸಕ್ಕೆ ತೊಡಗುತ್ತಿದ್ದರು.

ಕೆಳಗೆ ಬಿಲ್ಲಿನ ಗುಮಾಸ್ತನ ಹತ್ತಿರ ಕಳಿಸಿದರು. ಆತ ಚುರುಕಾದ ಮನುಷ್ಯ. ಕಂಪ್ಯೂಟರು ನೋಡಿ, ಹೌದು, ಒಂದು ದಿನದ್ದು ಹೆಚ್ಚಿಗೆ ಬಿದ್ದಿದೆ, ತೆಗೆದುಬಿಡೋಣ ಎಂದ. ಮಗನ ಮುಖ ಅರಳಿತು. ಆಕೆ ಮಾತ್ರ ದುಡ್ಡಿನ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳದೆ, ತನಗೆ ಬೇಕಾದ್ದು ಬೇರೆ ಎಂದಳು. ಇಲ್ಲಿ ದಿನಾ ಪಟ್ಟಿ ಬದಲಿಸಲಿಲ್ಲ, ಮನೆಯವರು ಗಾಯ ಕೆಡಿಸಲಿಲ್ಲ, ಇಷ್ಟು ಬರೆದು ಸಹಿ ಹಾಕಿಕೊಡಿ.

ಹಾಗೆಲ್ಲ ಬರೆಯಲು ಬರುವುದಿಲ್ಲ ಎಂದ ಆತ, ತಪ್ಪಿದ್ದರೆ ಸರಿಪಡಿಸಬಹುದಷ್ಟೇ ಎಂದು ಮೂಲ ಫೈಲು ತರಿಸಿದ. ಮೇಜಿನ ಡ್ರಾಯರಿನಿಂದ ಬಿಳಿ ಬಣ್ಣದ ಪುಟ್ಟ ಶೀಶೆ ತೆಗೆದ. ಆಕೆ ನೋಡನೋಡುತ್ತಿದ್ದಂತೆಯೇ ಆ ಕಡೆಯ ಸಾಲಿನ ಮೇಲೆ ಬಣ್ಣ ಬಳಿದು ಉಫ್ ಎಂದು ಊದಿದ. ಖಾಲಿ ಹಾಸಿಗೆಯ ನಗುಮುಖ ಮಾಯವಾಯಿತು. ಅದರ ಮೇಲಿನ ಸಾಲುಗಳೆಲ್ಲ ಮೊದಲಿನಂತೆಯೇ ಉಳಿದವು: ಪಟ್ಟಿ ಬದಲಿಸಲಾಗಿದೆ, ಗಾಯ ಸ್ವಚ್ಛ, ಪಟ್ಟಿ ಬದಲಿಸಲಾಗಿದೆ, ಗಾಯ ಸ್ವಚ್ಛ.

‘ಈಗ ನಿಮ್ಮ ಹತ್ರ ಇರೋ ನಕಲು ಕೊಡಿ ಅಮ್ಮ. ಸರಿಯಾಗಿರೋದು ಕೊಡ್ತೀನಿ, ದುಡ್ಡೂ ಈಗಲೇ ಕೊಡಿಸ್ತೀನಿ.’

ಲಾಂಡ್ರಿ ಅಮ್ಮ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡಳು. ಮಗ ಕಿವಿಯಲ್ಲಿ, ಕೊಟ್ಟುಬಿಡಮ್ಮ, ಆ ಕಾಗದ ಇಟ್ಕೊಂಡು ಏನು ಮಾಡ್ತೀಯ ಎಂದ.

‘ನಿನ್ನ ಹೆಂಡತಿ ಬಟ್ಟೆ ಕಟ್ಟಿಟ್ಟಿದಾಳೆ’ ಎಂದಳು ಆಕೆ. ‘ಇದನ್ನ ಕೊಟ್ಟು ಬರಿಗೈಲಿ ಮನೆಗೆ ಹೋಗ್ತೀಯಾ? ಹೋಗು. ನಾನು ಬರಲ್ಲ.’

ಅವನು ತಾಯಿಯ ತೋಳು ಹಿಡಿದು ಹೊರಗೆ ನಡೆಸಿದ. ದುಡ್ಡು ಅಲ್ಲೇ ಉಳಿಯಿತು. ಗಾಜಿನ ಬಾಗಿಲು ದಾಟಿ ಹೂಕುಂಡದ ಬಳಿ ಬಗ್ಗಿ ಆಕೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಕಾವಲುಗಾರ ಓಡಿ ಬಂದು ಗೊಣಗಿದ. ‘ಬರ್ಕೋಪ್ಪ’ ಎಂದಳು, ‘ಹೂಕುಂಡ ಸ್ವಚ್ಛ ಅಂತ.’

ಮನೆಗೆ ಬಂದ ಮಗ ಹೆಂಡತಿಯ ಹತ್ತಿರ ಏನು ಹೇಳಿಕೊಂಡನೋ, ಬಾಗಿಲು ಹಾಕಿತ್ತು. ಬಟ್ಟೆಯ ಗಂಟು ಮಾತ್ರ ಮರುದಿನವೂ ಮೂಲೆಯಲ್ಲೇ ಇತ್ತು. ಅವಳು ಅದನ್ನು ಬಿಚ್ಚಲೂ ಇಲ್ಲ, ಎತ್ತಿಕೊಂಡು ಹೋಗಲೂ ಇಲ್ಲ.

ಗಾಯದ ಕೀವು ಒಳಗೊಳಗೇ ಇಳಿದಿತ್ತು. ಪಕ್ಕದ ಊರಿನ ಸರ್ಕಾರಿ ಆಸ್ಪತ್ರೆಯವರು ಮತ್ತೆ ಕೊಯ್ದು ತೆರೆಯಬೇಕು, ತಡ ಮಾಡಬೇಡಿ ಎಂದರು. ಹಾಗೆ ಹೊರಟ ಲಾಂಡ್ರಿ ಅಮ್ಮ ಮತ್ತೆ ಮನೆಗೆ ಬರಲಿಲ್ಲ. ಹೊರಟದ್ದು ಮಾತ್ರ ಹೀಗೆ.

ಬೆಳಿಗ್ಗೆ ಸೊಸೆಯನ್ನು ಕರೆದು, ‘ಪಟ್ಟಿ ಬದಲಿಸು’ ಎಂದಳು. ಸೊಸೆ ಬಚ್ಚಲ ಕಡೆ ಹೆಜ್ಜೆ ಇಟ್ಟಾಗ, ‘ತೊಳೆದಿದೀಯ, ನೋಡಿದೀನಿ. ಬಾ’ ಎಂದಳು. ಸೊಸೆ ಹಳೆಯದನ್ನು ನೀರು ಹಚ್ಚಿ ನೆನೆಸಿ, ಒಂದಿಷ್ಟೂ ಎಳೆಯದೆ ಬಿಡಿಸಿದಳು. ನಾತ ಕೋಣೆ ತುಂಬಿತು. ಮಗ ಕಿಟಕಿಯ ಕಡೆ ಹೋಗಿ ನಿಂತ. ಸೊಸೆಯ ಮುಖ ಮಾತ್ರ ಅಲುಗಲಿಲ್ಲ. ಹೊಸ ಪಟ್ಟಿ ಕಟ್ಟಿದ ಮೇಲೆ ಅತ್ತೆ ಆ ಪ್ಲಾಸ್ಟಿಕ್ ಚೀಲವನ್ನು ಅವಳ ಕೈಗಿಟ್ಟಳು.

‘ಇದು ನಿನ್ನ ಹತ್ರ ಇರಲಿ. ನಾಳೆ ನನಗೇನಾದ್ರೂ ಆದ್ರೆ ಇವರೆಲ್ಲ ಮತ್ತೆ ನಿನ್ನ ತಲೆ ಮೇಲೇ ಗೂಬೆ ಕೂರಿಸ್ತಾರೆ. ಇವನನ್ನೂ ಸೇರಿಸಿಯೇ ಹೇಳ್ತಿದೀನಿ.’

ಬಾಗಿಲಲ್ಲಿ ಹೊಲಿಗೆಯವಳು ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ನಿಂತಿದ್ದಳು. ಹೊಸ ಪಟ್ಟಿ ನೋಡಿ, ‘ಈಗಲೂ ಇವಳ ಕೈಲೇ ಕಟ್ಟಿಸಿಕೊಂಡ್ರಾ?’ ಎಂದು ದನಿ ತಗ್ಗಿಸಿ ಕೇಳಿದಳು.

ಲಾಂಡ್ರಿ ಅಮ್ಮ ದನಿ ತಗ್ಗಿಸಲಿಲ್ಲ. ಮೇಲಿನ ಮನೆ, ಕೆಳಗಿನ ಮನೆಯ ಬಾಗಿಲುಗಳೂ ತೆರೆದಿದ್ದವು.

‘ಹೌದು. ಮುಟ್ಟಿದ್ದು ಇವಳೊಬ್ಬಳೇ. ಉಳಿದವರೆಲ್ಲ ಬರೆದಿದ್ದು ಅಷ್ಟೇ.’

ಮಗ ತಾಯಿಯನ್ನು ಎತ್ತಿಕೊಳ್ಳಲು ಮುಂದೆ ಬಂದ. ಆಕೆ ಅವನನ್ನು ಪಕ್ಕಕ್ಕೆ ಸರಿಸಿ, ಸೊಸೆಯ ಹೆಗಲಿಗೆ ಪೂರ್ತಿ ಭಾರ ಹಾಕಿ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಬೀದಿಗೆ ಇಳಿದಳು.