ಮುಂಗೈಯ ಬರೆ

ನನ್ನ ಎಡ ಮುಂಗೈ ಮೇಲೆ ಕಡಲೆಕಾಳಿನಷ್ಟು ಒಂದು ಬರೆ ಇದೆ. ಹೊಟ್ಟೆಯ ಮೇಲೆ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ ಹೊಲಿಗೆಯ ಗುರುತಿದೆ. ಒಂಬತ್ತು ವರ್ಷದಿಂದ ನಾನು ಬದುಕಿರುವುದು ಹೊಟ್ಟೆಯ ಮೇಲಿನದರಿಂದ. ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದು ಮಾತ್ರ ಮುಂಗೈಯದನ್ನು.

ಇಳಕಲ್ಲಿನಲ್ಲಿ ನಮ್ಮದು ಸೀರೆ ನೇಯುವ ಮನೆ. ಕಣ್ಣು ಹಳದಿಯಾಗಿ ಮೈಯೆಲ್ಲ ತುರಿಕೆ ಹತ್ತಿದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕಾಮಣಿ ಎಂದುಕೊಂಡು ಬಾದಾಮಿ ಕಡೆಯ ಹಳ್ಳಿಯೊಂದಕ್ಕೆ ಹೋಗಿ ಬರಿಹೊಟ್ಟೆಯಲ್ಲಿ ಎಲೆಯ ರಸ ಕುಡಿದೆ. ಮುದುಕನೊಬ್ಬ ಕಾದ ತಂತಿಯಿಂದ ಮುಂಗೈಗೆ ಬರೆ ಹಾಕಿದ. ಎರಡು ವಾರವಾದರೂ ಹಳದಿ ಇಳಿಯಲಿಲ್ಲ. ಬಾಗಲಕೋಟೆಯ ನವನಗರದಲ್ಲಿದ್ದ ನನ್ನ ತಮ್ಮ ಬೈದು ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು, ಪುಣ್ಯಕ್ಕೆ ಹರಡಿರಲಿಲ್ಲ. ದೊಡ್ಡ ಊರಿನ ದವಾಖಾನೆಯಲ್ಲಿ ಇಡೀ ದಿನ ಆಪರೇಷನ್ ಮಾಡಿ, ತೆಗೆಯುವುದನ್ನು ತೆಗೆದು, ಉಳಿದದ್ದನ್ನು ಸೇರಿಸಿ ಹೊಲಿದರು. ಕಿಮೊ ಮುಗಿಯುವವರೆಗೆ ತಮ್ಮನ ಮನೆಯಲ್ಲೇ ಇದ್ದೆ.

ಊರಿಗೆ ಮರಳಿದ ದಿನ ಅತ್ತೆ ಬಾಗಿಲು ಹಾಕಿ ಹೇಳಿದರು: "ಯಾರ ಮುಂದೂ ಬಾಯಿ ಬಿಡಬ್ಯಾಡ. ರಕ್ತದಾಗ ಬರೂ ಬ್ಯಾನಿ ಅಂತಾರ. ನಾಳೆ ಹುಡುಗೀನ ಯಾರು ಮಾಡ್ಕೋತಾರ?" ನನಗಿರುವುದು ಒಬ್ಬಳೇ ಮಗಳು. ಓಣಿಗೆ 'ಪಿತ್ತದ ಕಲ್ಲು ತೆಗೆದರು, ಕಾಮಣಿ ಎಲೆ ಔಷಧಕ್ಕೇ ಹೋಯಿತು' ಎಂದೆವು. ಬರೆ ನೋಡಿ ಎಲ್ಲರೂ ನಂಬಿದರು. ಊಟ ಅರಗಲು ತುತ್ತಿನ ಜೊತೆ ನುಂಗುವ ಗುಳಿಗೆಗಳನ್ನು ಎಲೆ ಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡೆ. ಎರಡು ತುತ್ತು ಹೆಚ್ಚಾದರೆ ಹೊಟ್ಟೆ ಕೆಡುತ್ತಿತ್ತು, ಸಕ್ಕರೆ ಕಾಯಿಲೆಯೂ ಬಂತು. ಆರು ತಿಂಗಳಿಗೊಮ್ಮೆ ತುಳಸಿಗೇರಿ ಹನುಮಪ್ಪನಿಗೆ ಹೋಗುತ್ತೇನೆಂದು ಹೇಳಿ ತಪಾಸಣೆಗೆ ಹೋಗಿ ಬರುತ್ತಿದ್ದೆ. ದೇವರ ಹೆಸರಿನಲ್ಲೂ ಸುಳ್ಳು. ಬದುಕಿದ್ದೇನಲ್ಲ ಎಂಬ ಖುಷಿಗಿಂತ ಯಾರಿಗಾದರೂ ಗೊತ್ತಾದೀತೆಂಬ ಅಂಜಿಕೆಯೇ ನನಗೆ ದೊಡ್ಡದಾಗಿತ್ತು.

ಪಕ್ಕದ ಮನೆಯಾಕೆ ನನಗಿಂತ ಐದಾರು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ತಂಗಿ ಎನ್ನುತ್ತಿದ್ದಳು. ಇಳಕಲ್ ಸೀರೆಗೆ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಮನೆಯ ಕೊಂಡಿಗೆ ಅವಳು ಬರುತ್ತಿದ್ದಳು, ಅವಳ ಮನೆಯದಕ್ಕೆ ನಾನು ಹೋಗುತ್ತಿದ್ದೆ.

ನನ್ನ ಆಪರೇಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ಕೆರೂರಿನ ಹುಡುಗನ ಜೊತೆ ಮಗಳ ನಿಶ್ಚಯವಾಗಿ ಮದುವೆಗೆ ಎರಡು ತಿಂಗಳಿತ್ತು. ಆ ದಿನ ಕೊಂಡಿಗೆ ಎದುರು ಕೂತ ಅಕ್ಕ ಎಳೆ ಬಿಟ್ಟು ಬಿಟ್ಟು ಅಂಗೈ ತುರಿಸಿಕೊಂಡಳು. ತಲೆ ಎತ್ತಿ ನೋಡಿದೆ. ಕಣ್ಣು ಅರಿಶಿನದ ಹಾಗಿತ್ತು.

"ಅಕ್ಕಾ, ಬಾಗಲಕೋಟಿಗೆ ಹೋಗಿ ಒಂದ ಸ್ಕ್ಯಾನ್ ಮಾಡಿಸಿಬಿಡು," ಎಂದೆ.

"ನೀ ಏನು ಸ್ಕ್ಯಾನಿಂಗ್‌ನಾಗ ಆರಾಮಾದೇನು? ಬರೆ ಹಾಕಿಸ್ಕೊಂಡ ನೆಟ್ಟಗಾದಾಕಿ!" ಎಂದು ನಕ್ಕಳು. ನನ್ನ ಕೈ ಹಿಡಿದು, ಆ ಮುದುಕನ ಊರು ಯಾವುದೆಂದು ಕೇಳಿದಳು.

ನಾನು ಊರು ಹೇಳಿದೆ. ಹೌದು, ಹೇಳಿದೆ. ಕಾಮಣಿ ಎಷ್ಟು ಮಂದಿಗೆ ಬರುವುದಿಲ್ಲ, ಇವಳದು ಬರೀ ಕಾಮಣಿಯೇ ಇದ್ದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮದುವೆ ಆಗಿಬಿಡಲಿ, ಮರುದಿನವೇ ಎಲ್ಲ ಹೇಳುತ್ತೇನೆ ಎಂದುಕೊಂಡೆ. ಆ ಎರಡು ತಿಂಗಳು ಅವಳು ಆ ಮುದುಕನ ಎಲೆ ರಸ ಕುಡಿದು, ಒಗ್ಗರಣೆ ಬಿಟ್ಟು, ಹುಳಿ ಬಿಟ್ಟು ಪಥ್ಯ ಮಾಡಿದಳು. ಅಕ್ಷತೆಗೆ ಬಂದಾಗ ಅವಳ ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು.

ಮಗಳನ್ನು ಕಳಿಸಿಕೊಟ್ಟ ಮರುದಿನ ಅಕ್ಕನ ಗಂಡನಿಗೆ ಎಲ್ಲ ಹೇಳಿ, ಅವಳನ್ನು ಸ್ಕ್ಯಾನಿಗೆ ಕರೆದೊಯ್ಯುವಾಗ ನಾನೇ ಜೊತೆಗೆ ಹೋದೆ. ಗಡ್ಡೆ ಪಿತ್ತಜನಕಾಂಗಕ್ಕೆ ಹರಡಿತ್ತು. ಆಪರೇಷನ್ ಆಗುವುದಿಲ್ಲ ಎಂದರು. "ಎರಡ ತಿಂಗಳ ಮೊದಲ ಬಂದಿದ್ರರಿ?" ಎಂದು ಡಾಕ್ಟರರನ್ನು ಕೇಳಿದೆ. "ಹೇಳಾಕ ಬರೂದಿಲ್ರಿ," ಎಂದರು. ಆಗುತ್ತಿತ್ತು ಎಂದಿದ್ದರೂ, ಆಗುತ್ತಿರಲಿಲ್ಲ ಎಂದಿದ್ದರೂ ಹೇಗೋ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದ ಮೇಲೆ ಅವಳ ಹಾಸಿಗೆಯ ಪಕ್ಕ ಕೂತು ಸೆರಗು ಸರಿಸಿ ಹೊಟ್ಟೆ ತೋರಿಸಿದೆ. "ನಂದೂ ಇದ ಬ್ಯಾನಿ ಅಕ್ಕಾ. ಕಲ್ಲಲ್ಲ. ಮಗಳ ಮದುವಿ ಸಲುವಾಗಿ ಮುಚ್ಚಿಟ್ಟೆ." ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಹೊಲಿಗೆಯ ಗುರುತಿನ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಹೊರಗೆ ಅವಳ ಸಣ್ಣ ಮಗಳು ನೂಲು ಸುತ್ತುತ್ತಿದ್ದಳು.

"ಯಾರರ ಕೇಳಿದ್ರ ನಂದೂ ಕಲ್ಲು ಅಂತನ ಹೇಳು," ಎಂದಳು. "ನನ್ನ ಮಗಳದಿನ್ನ ಆಗಿಲ್ಲ."

ನಲವತ್ತು ದಿನಕ್ಕೆ ಹೋದಳು. ಮಾತನಾಡಿಸಲು ಬಂದವರಿಗೆಲ್ಲ ಕಲ್ಲು ಎಂದೇ ಹೇಳಿದೆ.

ನನ್ನ ರೋಗವನ್ನು ಈಗ ನಾನು ಮುಚ್ಚಿಡುವುದಿಲ್ಲ. ಬೀಗರ ಮುಂದೂ ಹೇಳಿಯಾಗಿದೆ. ವರ್ಷಗಟ್ಟಲೆ ಮುಖ ತಿರುಗಿಸಿದರು, ತಿರುಗಿಸಲಿ. ಯಾರ ಕಣ್ಣು ಹಳದಿಯಾಗಿದೆಯೆಂದು ಕೇಳಿದರೂ ಹೋಗಿ ಹೊಟ್ಟೆ ತೋರಿಸಿ ಸ್ಕ್ಯಾನಿಂಗಿಗೆ ಅಟ್ಟುತ್ತೇನೆ. ಅವರು ಗುರುತು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಆಮೇಲೆ ಕೇಳುತ್ತಾರೆ: "ಹಂಗಾರ ನಿಮ್ಮ ಬಾಜೂಮನಿ ಆಕೀಗೆ ಏನಾಗಿತ್ತವಾ?"

ಅವಳ ಸಣ್ಣ ಮಗಳಿಗೆ ಇನ್ನೂ ಕಂಕಣ ಕೂಡಿಬಂದಿಲ್ಲ. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ.

"ಕಲ್ಲು," ಎನ್ನುತ್ತೇನೆ.