ಹಲ್ಲು ಕಚ್ಚಿದ ಮುಖ

ಒಸಾಕಾದ ತಾಜಿಮಾ ಕೇರಿಯಲ್ಲಿ ಕುರಾಮೋಚಿ ತೆತ್ಸುಜಿ ಮೂವತ್ತೊಂದು ವರ್ಷದಿಂದ ಈಜುಗನ್ನಡಕ ಮಾಡುತ್ತಿದ್ದ. ಅಪ್ಪ ಓದುವ ಕನ್ನಡಕದ ಗಾಜು ಉಜ್ಜಿದವನು. ಮಗ ನೀರಿನ ಕಡೆ ತಿರುಗಿದ. ಹಾಗಂತ ಈಜು ಬರುತ್ತದೆ ಎಂದುಕೊಳ್ಳಬೇಡಿ. ಸೊಂಟದ ಮೇಲೆ ನೀರು ಬಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

ಗಿರಾಕಿಗಳ ಬೈಗುಳ ಅವನಿಗೆ ಹೊಸದಲ್ಲ. ಅರಗದೆ ಉಳಿದದ್ದು ಮಿಜುಹೊ ಎಂಬ ಈಜುಗಾರ್ತಿ ಹುಡುಗಿ ಕೇಳಿದ ಕ್ಷಮೆ. ಹೋದ ವರ್ಷ ದೇಶದ ತಂಡದ ಆಯ್ಕೆಯ ದಿನ, ಅವಳು ನೀರಿಗೆ ಹಾರುತ್ತಲೇ ಅವನು ಮಾಡಿಕೊಟ್ಟ ಕನ್ನಡಕದ ಬಲಗಣ್ಣಿನ ಬಟ್ಟಲಿಗೆ ನೀರು ನುಗ್ಗಿತ್ತು. ಗೋಡೆ ಕಾಣದೆ ತಿರುವು ತಪ್ಪಿ ಆರನೆಯವಳಾದಳು. ಮಾರನೆಯ ದಿನ ಸಿಹಿ ಪೊಟ್ಟಣ ಹಿಡಿದು ಬಂದು, ಸೊಂಟ ಬಗ್ಗಿಸಿ ನಿಂತಳು.

"ತಪ್ಪು ನಂದೇ ಮಾಮ. ನನ್ ಮುಖಾನೇ ಸರಿ ಇಲ್ಲ ಅನ್ಸುತ್ತೆ."

ಕೆನ್ನೆಗೆ ಬಾರಿಸಿದ್ದರೂ ತೆತ್ಸುಜಿಗೆ ಅಷ್ಟು ನೋಯುತ್ತಿರಲಿಲ್ಲ. ಅವಳಿಗೆ ಇಪ್ಪತ್ತಾರು ತುಂಬಿತ್ತು, ಈ ವರ್ಷದ ಆಯ್ಕೆಯೇ ಕೊನೆಯದು. ಅವಳ ಕಣ್ಣಿನ ಸುತ್ತ ಒಂಬತ್ತು ಸಲ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದು, ರಬ್ಬರ್ ಅಂಚನ್ನು ಕೂದಲೆಳೆಯಷ್ಟು ತಿದ್ದಿದ. ಕನ್ನಡಕವನ್ನು ಅಚ್ಚಿನ ಮೇಲೆ ಕೂರಿಸಿ ನೀರಿಗೆ ಹಾಕಿದರೆ ಹನಿ ಇಳಿಯುತ್ತಿರಲಿಲ್ಲ. ಅವಳು ಹಾರಿದರೆ ಇಳಿಯುತ್ತಿತ್ತು.

"ಆ ಹುಡ್ಗಿ ಮುಖ ಅವಳಮ್ಮನಿಗಿಂತ ನಿಮಗೇ ಚೆನ್ನಾಗಿ ಗೊತ್ತು ಬಿಡಿ" ಎಂದು ಹೆಂಡತಿ ಫುಮಿಯೆ ಚುಚ್ಚಿದಳು.

ತಲೆ ಕೆಟ್ಟು, ತನ್ನ ಮುಖಕ್ಕೇ ಒಂದು ಜೊತೆ ಮಾಡಿ ಕೇರಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹಾಕಿಕೊಂಡು ಹೋದ. ಬಿಸಿನೀರಿನ ತೊಟ್ಟಿಯಲ್ಲಿ ಮುಖ ಮುಳುಗಿಸಿ ಎದ್ದ, ಒಳಗೆ ಒಣಗಿತ್ತು. ಪಕ್ಕದಲ್ಲಿ ತೊಫು ಎಂಬ ಸೋಯಾ ಪನೀರು ಮಾರುವ ಒಕೊನೊಗಿ ಕುತ್ತಿಗೆವರೆಗೆ ನೀರಲ್ಲಿ ಕೂತಿದ್ದ.

"ಲೋ ತೆತ್ಸು, ಇಲ್ಲಿ ಮೀನಿಲ್ಲ ಕಣೋ. ಹೆಂಡ್ತಿಯಿಂದ ತಪ್ಪಿಸ್ಕೊಳ್ಳೋಕೆ ಮುಳುಗ್ತಿದ್ರೆ ಮಾತ್ರ ಹೇಳು, ನಾನೂ ಒಂದ್ ಜೊತೆ ತಗೊಳ್ತೀನಿ."

ಗೋಡೆಯಾಚೆಯ ಹೆಂಗಸರ ತೊಟ್ಟಿಯಿಂದ ಫುಮಿಯೆಯ ದನಿ ಬಂತು: "ಎಲ್ಲಾ ಕೇಳಿಸ್ತಿದೆ ಒಕೊನೊಗಿ. ನಿನ್ ಹೆಂಡ್ತೀನೂ ಇಲ್ಲೇ ಕೂತಿದಾಳೆ."

ಒಕೊನೊಗಿಯ ಮುಖ ತೊಫುವಿನಷ್ಟೇ ಬೆಳ್ಳಗಾಯಿತು. ತೆತ್ಸುಜಿ ಹೊಟ್ಟೆ ಹಿಡಿದು ನಗುತ್ತ ಜಾರಿ ಮುಳುಗಿದ, ಎರಡು ಬಟ್ಟಲಿಗೂ ನೀರು ತುಂಬಿತು. ಕೆಮ್ಮುತ್ತ ಎದ್ದವನಿಗೆ ಆಗ ಹೊಳೆಯಿತು, ನಕ್ಕಾಗ ಕೆನ್ನೆ ಏರಿ ಅಂಚು ಸರಿದಿದೆ. ಇಷ್ಟು ದಿನ ಸುಮ್ಮನಿದ್ದ ಮುಖಕ್ಕೆ ಕನ್ನಡಕ ಮಾಡಿಕೊಂಡು ಕೂತಿದ್ದಾನೆ. ಯಾವ ಹುಡುಗಿ ಸುಮ್ಮನಿದ್ದ ಮುಖದಲ್ಲಿ ಸ್ಪರ್ಧೆಗೆ ಹಾರುತ್ತಾಳೆ?

ಮಾರನೆಯ ದಿನ ಮಿಜುಹೊಳನ್ನು ಕರೆಸಿ, ಸ್ಟೂಲಿನ ಮೇಲೆ ಹಾರುವ ಭಂಗಿಯಲ್ಲಿ ನಿಲ್ಲಿಸಿದ. ಅವಳು ಹಲ್ಲು ಕಚ್ಚುತ್ತಲೇ ಬಲಗೆನ್ನೆ ಗಂಟುಕಟ್ಟಿ ಕಣ್ಣಿನ ಕಡೆಗೆ ಏರಿತು. ತೆತ್ಸುಜಿಯ ಕಣ್ಣಿಗೆ ಅದಕ್ಕಿಂತ ಚಂದದ ಕೆನ್ನೆ ಆವರೆಗೆ ಬಿದ್ದಿರಲಿಲ್ಲ.

"ಹಾಗೇ ಇರಮ್ಮ. ಪ್ಲಾಸ್ಟರ್ ಗಟ್ಟಿಯಾಗೋವರೆಗೂ ಹಲ್ಲು ಬಿಡ್ಬೇಡ."

ಫುಮಿಯೆ ಬೀಸಣಿಗೆ ಹಿಡಿದು ಪ್ಲಾಸ್ಟರಿಗೆ ಗಾಳಿ ಹಾಕುತ್ತ, "ನಗಿಸ್ಬೇಡಿ ಅವಳನ್ನ" ಎಂದು ಗಂಡನನ್ನೇ ಗದರಿದಳು.

ಆಯ್ಕೆಯ ದಿನ ಗಂಡ ಹೆಂಡತಿ ಪ್ರೇಕ್ಷಕರ ಮೊದಲ ಸಾಲಿನಲ್ಲೇ ಕೂತರು. ಸ್ಪರ್ಧೆ ಮುಗಿಯುತ್ತಲೇ ಮಿಜುಹೊ ಹೊಸ ಕನ್ನಡಕವನ್ನೂ ತೆಗೆಯದೆ ಅವರ ಮುಂದಿನ ಕಂಬಿಯ ಕೆಳಗೆ ಓಡಿಬಂದಳು. ತೆತ್ಸುಜಿ ಅರ್ಧ ದೇಹ ಹೊರಗೆ ಬಾಗಿಸಿ, ವೈದ್ಯನ ಹಾಗೆ ಅವಳ ಬಲಗಣ್ಣಿನ ಬಟ್ಟಲೊಳಗೆ ಇಣುಕಿದ. ಒಂದು ಹನಿಯೂ ಇರಲಿಲ್ಲ.

"ಹುಡ್ಗಿ ಏನೋ ಹೇಳ್ಬೇಕು ಅಂತ ನಿಂತಿದಾಳೆ ಕಣ್ರೀ" ಎಂದು ಫುಮಿಯೆ ಅವನ ಅಂಗಿ ಜಗ್ಗಿದಳು.

"ಎರಡ್ನೇ ಸ್ಥಾನ ಮಾಮ. ತಂಡಕ್ಕೆ ತಗೊಂಡ್ರು. ನೋಡಿದ್ರಲ್ಲ?"

"ಇಲ್ಲಮ್ಮ" ಎಂದ ತೆತ್ಸುಜಿ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಮೊದಲ್ನೇ ತಿರುವಲ್ಲಿ ನಿನ್ ಕೈ ಗೋಡೆಗೆ ಸರಿಯಾಗಿ ತಗುಲ್ತು. ಆಮೇಲೆ ನಂಗೇನೂ ಕಾಣ್ಲಿಲ್ಲ."